ಮೇಷ್ಟ್ರ ಬೂಟು

"ಇವತ್ತು ವಾರ್ಡು ಎಷ್ಟು ಶಾಂತವಾಗಿದೆ, ಅಲ್ವಾ?" ಎಂದುಬಿಟ್ಟರು ಮಾತಿನ ಮೇಡಂ.

ಬಟ್ಟೆ ಕೋಣೆಯಲ್ಲಿ ದುಂಡಗೆ ಕುರ್ಚಿ ಹಾಕಿ ಕೂತಿದ್ದ ನರ್ಸುಗಳೆಲ್ಲ ಒಮ್ಮೆಲೇ ಉಸಿರು ಬಿಗಿಹಿಡಿದರು. ಆಸ್ಪತ್ರೆಯಲ್ಲಿ ಯಾರೂ ಬಾಯಿಬಿಟ್ಟು ಆಡಬಾರದ ಮಾತು ಒಂದಿದ್ದರೆ ಅದು ಇದೇ. ವಾರ್ಡು ಶಾಂತವಾಗಿದ್ದರೆ ಇರಲಿ, ಹಾಗಂತ ಹೇಳಿ ಅದನ್ನು ಎಬ್ಬಿಸಬಾರದು.

"ಮುಗೀತು ಕತೆ!" ಎಂದು ಬ್ರದರ್ ತಲೆಯ ಮೇಲೆ ಕೈಹೊತ್ತ. ಆ ವಾರ್ಡಿನ ನರ್ಸುಗಳಲ್ಲಿ ಗಂಡಸು ಅವನೊಬ್ಬನೇ. ಸ್ವಂತ ತಂಗಿ ಕೂಡ ಅವನನ್ನು ಬ್ರದರ್ ಎಂದೇ ಕರೆಯುತ್ತಿದ್ದಳಂತೆ. ಅವನು ಕೈ ಇಳಿಸುವ ಮೊದಲೇ ಹೊರಗೆ ಯಾವುದೋ ಮಂಚದ ಗಂಟೆ ಬಾರಿಸಿತು. ಡ್ಯೂಟಿಗೆ ಉಳಿದಿದ್ದವಳು ಓಡಿದ ಸದ್ದು ಕೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರು ಮಾತ್ರ ನಗಲಿಲ್ಲ.

ಒಬ್ಬಳು ದೊಡ್ಡಕ್ಕ. ಆಪರೇಷನ್ ಆದವರ ಆ ವಾರ್ಡಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಇನ್ನೊಬ್ಬಳು ಬುಲೆಟ್. ಗಂಟೆ ಬಾರಿಸಿದರೆ ಎಲ್ಲರಿಗಿಂತ ಮೊದಲು ಓಡುವವಳಾದ್ದರಿಂದ ಆ ಹೆಸರು. ಆ ಹೆಸರನ್ನಿಟ್ಟವಳು ದೊಡ್ಡಕ್ಕನೇ, ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಈಗ ತಿಂಗಳುಗಳಿಂದ ಮಾತುಕತೆ ಬಂದ್. ಪಾಳಿ ಬದಲಾಗುವಾಗ ದೊಡ್ಡಕ್ಕ ಮಂಚದ ಕಾಲಬಳಿ ನಿಂತು ರೋಗಿಯ ಜ್ವರ, ಗಾಯ, ಔಷಧಿ ಒಪ್ಪಿಸುತ್ತಿದ್ದಳು. ಬುಲೆಟ್ ಗೋಡೆಯ ಕಡೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಬೇಸತ್ತು ತನ್ನನ್ನು ಸಾಮಾನಿನ ಸ್ಟೋರಿಗೆ ವರ್ಗ ಮಾಡಿ ಎಂದು ಮೇಲಿನವರಲ್ಲಿ ಕೇಳಿಕೊಂಡಿದ್ದಳು. ಅವರೂ ಆಗಲಿ ಎಂದಿದ್ದರು. ವಾರ್ಡಿನಲ್ಲಿ ಅವಳಿಗೆ ಉಳಿದಿದ್ದದ್ದು ಕೆಲವೇ ಪಾಳಿಗಳು.

ಇಂಥ ಜಗಳ, ಇಂಥ ಸುಸ್ತು ಆ ಆಸ್ಪತ್ರೆಯ ಎಲ್ಲ ವಾರ್ಡುಗಳಲ್ಲೂ ಇತ್ತು. ನರ್ಸುಗಳು ಒಬ್ಬರ ಹಿಂದೆ ಒಬ್ಬರು ಕೆಲಸ ಬಿಡತೊಡಗಿದಾಗ ಮೇಲಿನವರು ಎಚ್ಚೆತ್ತು ಈ ಮೇಡಂ ಅವರನ್ನು ಕರೆಸಿದ್ದರು. ವಾರಕ್ಕೊಮ್ಮೆ ಮಧ್ಯಾಹ್ನ, ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ, ಎಲ್ಲರೂ ದುಂಡಗೆ ಕೂತು ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳಬೇಕು. ನಿಯಮ ಒಂದೇ: ಕೇಳಿದವರು ಬುದ್ಧಿ ಹೇಳಕೂಡದು, ಕೇಳಿಸಿಕೊಂಡಿದ್ದನ್ನು ಮಾತ್ರ ತಿರುಗಿ ಹೇಳಬೇಕು. ಬುದ್ಧಿ ಹೇಳದೆ ಬದುಕುವುದು ನರ್ಸುಗಳಿಗೆ ಎಲ್ಲಿ ಸಾಧ್ಯ? ಮೊದಲ ವಾರ ಒಬ್ಬಳು ನಿದ್ದೆ ಬರುತ್ತಿಲ್ಲ ಎಂದದ್ದೇ ತಡ, ಎಂಟು ದಿಕ್ಕಿನಿಂದ ಎಂಟು ಮದ್ದು ಬಂದು ಬಿದ್ದವು. ಆಮೇಲಿನ ವಾರಗಳಲ್ಲಿ ಯಾರೂ ಏನೂ ಹೇಳಲಿಲ್ಲ. ಮೇಡಂ ಮಾತ್ರ ಹಟ ಬಿಡಲಿಲ್ಲ. ಹಾಗಾಗಿಯೇ ಅವರು ಮಾತಿನ ಮೇಡಂ ಆದದ್ದು.

"ಇವತ್ತು ಎದುರುಬದುರು ಕೂತವರೇ ಜೋಡಿ" ಎಂದರು ಮೇಡಂ.

ಪಾಪ, ಅವರಿಗೇನು ಗೊತ್ತು! ದೊಡ್ಡಕ್ಕನೂ ಬುಲೆಟ್ಟೂ ಆದಷ್ಟು ದೂರ ಕೂರಲು ಹೋಗಿ ಸರಿಯಾಗಿ ಎದುರುಬದುರಾಗಿದ್ದರು.

ದೊಡ್ಡಕ್ಕ ಕಪಾಟಿನ ಕೆಳಗಿನ ಖಾನೆಯನ್ನೇ ನೋಡಿದಳು. ಮಡಿಸಿಟ್ಟ ಹೊದಿಕೆಗಳ ಅಡಿಯಲ್ಲಿ ಅಲ್ಲೊಂದು ಜೊತೆ ಕರಿ ಬೂಟುಗಳಿದ್ದವು. ಪಾಲಿಶ್ ಮಾಡಿ ಮಿರಿಮಿರಿ ಮಿಂಚಿಸಿದ್ದ ಅವುಗಳ ಮೇಲೆ ಈಗ ಧೂಳು ಕೂತಿತ್ತು. ಗುಡಿಸುವವಳು ಕೂಡ ಅವುಗಳನ್ನು ಸರಿಸದೆ ಸುತ್ತಲೂ ಒರೆಸಿ ಹೋಗುತ್ತಿದ್ದಳು.

"ಮೇಷ್ಟ್ರ ವಿಷಯ ಹೇಳ್ತೀನಿ" ಎಂದಳು ದೊಡ್ಡಕ್ಕ.

ಬುಲೆಟ್ ಎದ್ದೇಬಿಟ್ಟಳು. ಬ್ರದರ್ ಅವಳ ಕೋಟಿನ ಚುಂಗು ಹಿಡಿದು ಕೂರಿಸಿದ. "ಫೋನಲ್ಲಿ ಡಾಕ್ಟರ್ ಔಷಧಿ ಹೇಳಿದ್ರೆ ತಪ್ಪಾಗ್ಬಾರ್ದು ಅಂತ ತಿರುಗಿ ಹೇಳ್ತೀಯಲ್ಲ, ಅಷ್ಟೇ ಕೆಲಸ ಮಾರಾಯ್ತಿ. ಕೇಳು, ತಿರುಗಿ ಹೇಳು."

ದೊಡ್ಡಕ್ಕ ಹೇಳಿದಳು. ತಿಂಗಳುಗಳ ಹಿಂದೆ ಇದೇ ವಾರ್ಡಿನಲ್ಲಿ ಮಲಗಿದ್ದ ಮೇಷ್ಟ್ರ ಹೆಂಡತಿಯನ್ನು ಡಾಕ್ಟರು ಒಂದು ಬೆಳಿಗ್ಗೆ ಕಾರಿಡಾರಿಗೆ ಕರೆದು, ಹೊಟ್ಟೆ ತೆರೆದು ನೋಡಿ ಹಾಗೆಯೇ ಹೊಲಿದಿದ್ದೇವೆ, ಇನ್ನು ನಮ್ಮ ಕೈಯಲ್ಲಿಲ್ಲ ಎಂದಾಗ ಪಕ್ಕದಲ್ಲಿ ಇವಳಿದ್ದಳು. ಮೇಷ್ಟ್ರಿಗೆ ಇನ್ನೂ ಹೇಳಿರಲಿಲ್ಲ. ಪಾಳಿ ಒಪ್ಪಿಸುವಾಗ ಅವರು ಎಚ್ಚರವಾಗಿಯೇ ಇದ್ದರು, ದಿಂಬಿಗೆ ಒರಗಿ ಇವಳ ಮುಖವನ್ನೇ ನೋಡುತ್ತಿದ್ದರು.

"ಅವರೆದುರಿಗೇ ಏನಂತ ಹೇಳ್ಲಿ? 'ಹಿಂದಿನ ಹಾಗೇ ಇದೆ' ಅಂದ್ಬಿಟ್ಟೆ. ಕಾರಿಡಾರಲ್ಲಿ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಗಂಟೆ ಹೊಡೀತು, ಇವಳು ಓಡಿದ್ಳು. ಬಸ್ ಸ್ಟಾಪಿಗೆ ಹೋದೆ. ಮನಸ್ಸು ತಡೀಲಿಲ್ಲ, ವಾಪಸ್ ಬಂದೆ. ವಾರ್ಡಿನ ಬಾಗಿಲಿಗೆ ಬಂದ್ರೆ ಇವಳೂ ಮೇಷ್ಟ್ರ ಹೆಂಡ್ತೀನೂ ಕೈ ಕೈ ಹಿಡ್ಕೊಂಡು ನಗ್ತಿದ್ರು. ಆಸ್ಪತ್ರೆಗೆ ಬಂದ್ಮೇಲೆ ಆಕೆ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ಒಳಗೆ ಹೋಗೋಕೆ ಕಾಲು ಬರ್ಲಿಲ್ಲ. ಹಾಗೇ ಮನೆಗೆ ಹೋದೆ."

ಆ ನಗು ಯಾಕೆಂದು ವಾರ್ಡಿಗೆಲ್ಲ ಗೊತ್ತಿತ್ತು. "ಅಮ್ಮಾ, ಇನ್ನೊಂದು ವಾರ, ಮೇಷ್ಟ್ರು ನಡ್ಕೊಂಡೇ ಮನೆಗೆ ಬರ್ತಾರೆ" ಎಂದಿದ್ದಳು ಬುಲೆಟ್. ಡಾಕ್ಟರ ಮಾತಿಗಿಂತ ಈ ಮಾತೇ ಹಿತವೆನಿಸಿ, ಆಕೆ ಮರುದಿನ ಬೂಟು ಪಾಲಿಶ್ ಮಾಡಿಕೊಂಡು ತಂದಿದ್ದರು. ಮೇಷ್ಟ್ರು ಅವನ್ನು ಹಾಕಿಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ಆಕೆ ಅವುಗಳತ್ತ ತಿರುಗಿಯೂ ನೋಡದೆ ಹೋದರು.

"ಈಗ ತಿರುಗಿ ಹೇಳಿ" ಎಂದರು ಮೇಡಂ ಮೆಲ್ಲಗೆ.

ಬುಲೆಟ್ ಫೋನಿನಲ್ಲಿ ಹೇಳುವ ಹಾಗೆಯೇ, ಏರಿಳಿತವಿಲ್ಲದೆ, ನೆಲ ನೋಡುತ್ತ ಶುರು ಮಾಡಿದಳು. "ಡಾಕ್ಟರು ಹೇಳುವಾಗ ನೀವಿದ್ರಿ. ಪಾಳಿ ಒಪ್ಪಿಸುವಾಗ ಮೇಷ್ಟ್ರು ಎಚ್ಚರವಾಗಿದ್ರು. ಅವರ ಮುಂದೆ ಹೇಳೋಕಾಗ್ಲಿಲ್ಲ. ಕಾರಿಡಾರಲ್ಲಿ ಹೇಳೋಣ ಅಂದ್ಕೊಂಡ್ರಿ. ಗಂಟೆ ಹೊಡೀತು. ನಾನು ಓಡಿದೆ. ನೀವು ಮನೆಗೆ ಹೋದ್ರಿ."

"ಒಂದು ಬಿಟ್ಟೆ" ಎಂದಳು ದೊಡ್ಡಕ್ಕ.

ಅಳತೆ ತಪ್ಪಿದರೆ ಬಿಡುವವಳೇ ಅಲ್ಲ ಅವಳು. ಬುಲೆಟ್ ತಲೆ ಎತ್ತಿದಳು. ತಿಂಗಳುಗಳ ನಂತರ ಮೊದಲ ಸಲ ಆ ಮುಖವನ್ನು ನೆಟ್ಟಗೆ ನೋಡಿದಳು.

"ವಾಪಸ್ ಬಂದ್ರಿ" ಎಂದಳು. ಫೋನಿನ ದನಿ ಎಲ್ಲಿ ಹೋಯಿತೋ. "ಬಾಗಿಲವರೆಗೂ ವಾಪಸ್ ಬಂದಿದ್ರಿ. ನಾವು ನಗ್ತಾ ಇದ್ವಿ."

"ಸರಿ" ಎಂದಳು ದೊಡ್ಡಕ್ಕ. ತಿರುಗಿ ಹೇಳಿದ್ದು ಸರಿಯಾಗಿದ್ದರೆ ಫೋನಿನ ಆ ತುದಿಯಿಂದ ಬರುವ ಮಾತು ಅದೇ. ಬುದ್ಧಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಆಮೇಲೆ ಬುಲೆಟ್ಟಿನ ಸರದಿ. ಅವಳು ತಡೆದು ತಡೆದು ಹೇಳಿದಳು. "ಬೇಕಂತಲೇ ವಿಷಯ ಮುಚ್ಚಿಟ್ಟು ನನ್ನ ಮಾನ ಕಳೆದ್ರಿ ಅಂದ್ಕೊಂಡಿದ್ದೆ. ಅವತ್ತಿಂದ ಯಾರಿಗೂ 'ಹುಷಾರಾಗ್ತೀರಿ' ಅನ್ನೋಕೆ ನಾಲಿಗೆ ಏಳಲ್ಲ. ಅದಕ್ಕೇ ಸ್ಟೋರು ಕೇಳಿದ್ದು. ಹತ್ತಿ ಉಂಡೆಗಳಿಗೆ ಯಾರೂ ಧೈರ್ಯ ಹೇಳ್ಬೇಕಾಗಿಲ್ಲವಲ್ಲ."

ದೊಡ್ಡಕ್ಕ ಒಂದಕ್ಷರ ಬಿಡದೆ ತಿರುಗಿ ಹೇಳಿದಳು, ಹತ್ತಿ ಉಂಡೆಯನ್ನೂ ಸೇರಿಸಿ. ಅಷ್ಟು ಗಂಭೀರವಾಗಿ ಹೇಳಿದ್ದಕ್ಕೆ ಬುಲೆಟ್ಟಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ದೊಡ್ಡಕ್ಕನಿಗೂ ತಡೆಯಲಾಗಲಿಲ್ಲ. ಬ್ರದರ್ ಅಂತೂ ದಿಂಬಿನ ಕವರಿನಿಂದಲೇ ಮೂಗು ಒರೆಸಿಕೊಂಡ. ಬೇರೆ ದಿನವಾಗಿದ್ದರೆ ದೊಡ್ಡಕ್ಕ ಅವನಿಗೆ ಗ್ರಹಚಾರ ಬಿಡಿಸುತ್ತಿದ್ದಳು.

"ಅಲ್ಲಾ, ಆ ಮಾತನ್ನ ಮಂಚದ ಹತ್ರ ನಿಂತ್ಕೊಂಡು ಯಾರಿಂದ ಹೇಳೋಕಾಗುತ್ತೆ?" ಬುಲೆಟ್ ಕಣ್ಣೊರೆಸಿಕೊಂಡು ತಟ್ಟನೆ ಕೇಳಿದಳು. "ನಾನಾದ್ರೂ ಹೇಳ್ತಿರ್ಲಿಲ್ಲ. ಮೊದಲು ಇಲ್ಲಿ ಬಾಗಿಲು ಹಾಕ್ಕೊಂಡು ಹೇಳೋಣ. ಆಮೇಲೆ ಮಂಚದ ಹತ್ರ ಹೋಗೋಣ."

ಹಾಗೆ ಶುರುವಾಯಿತು. ಪಾಳಿ ಬದಲಾಗುವಾಗ ಮೊದಲು ಬಟ್ಟೆ ಕೋಣೆ. ರೋಗಿಯ ಕಿವಿಗೆ ಬೀಳಬಾರದ್ದನ್ನೂ, ತಮ್ಮ ಹೊಟ್ಟೆಯೊಳಗೇ ಇಟ್ಟುಕೊಳ್ಳಲಾಗದ್ದನ್ನೂ ಅಲ್ಲಿ ಹೇಳುವುದು, ಇನ್ನೊಬ್ಬರು ತಿರುಗಿ ಹೇಳುವುದು, "ಸರಿ" ಎಂದ ಮೇಲೆ ಹೊರಗೆ ಹೆಜ್ಜೆ. ಸೂಪರಿಂಟೆಂಡೆಂಟ್ ಮೊದಮೊದಲು ಹುಬ್ಬು ಗಂಟಿಕ್ಕಿ, "ಬಾಗಿಲು ಹಾಕ್ಕೊಂಡು ಹರಟೆ ಹೊಡೀತೀರಾ?" ಎಂದರು. ದೊಡ್ಡಕ್ಕ ಅವರನ್ನೂ ಒಳಗೆ ಕರೆದು ಕುರ್ಚಿ ಕೊಟ್ಟಳು. ಹೊರಬಂದಾಗ ಅವರ ಹುಬ್ಬು ಇಳಿದಿತ್ತು. ಮುಂದಿನ ತಿಂಗಳು ಹೆರಿಗೆ ವಾರ್ಡಿನವರೂ ಮಕ್ಕಳ ವಾರ್ಡಿನವರೂ ಬಂದು ಹೇಗೆ ಮಾಡುತ್ತೀರೆಂದು ನೋಡಿಕೊಂಡು ಹೋದರು. ಬ್ರದರ್ ಅವರಿಗೆಲ್ಲ ಪಾಠ ಹೇಳುತ್ತ ಕಾಲರ್ ಎತ್ತಿಕೊಂಡು ಓಡಾಡಿದ. ಬುಲೆಟ್ ಮೇಲಿನವರ ಬಳಿ ಹೋಗಿ, ಸ್ಟೋರು ಬೇಡ ಎಂದು ಬಂದಳು. ಅಂದಿನ ಊಟ ಮತ್ತೆ ಒಂದೇ ಡಬ್ಬಿಯಲ್ಲಿ.

ಒಂದು ಮಧ್ಯಾಹ್ನ ಪೇಂಟರ್ ಒಬ್ಬನಿಗೆ ಮನೆಗೆ ಹೋಗಲು ಅಪ್ಪಣೆಯಾಯಿತು. ಕರುಳು ಒಡೆದು, ಕೆಲಸದ ಜಾಗದಿಂದಲೇ ಬರಿಗಾಲಿನಲ್ಲಿ ಅವನನ್ನು ಹೊತ್ತು ತಂದಿದ್ದರು. ಬದುಕುವುದೇ ಅನುಮಾನ ಎಂದು ಬಟ್ಟೆ ಕೋಣೆಯಲ್ಲಿ ದೊಡ್ಡಕ್ಕ ಹೇಳಿದ್ದಳು, ಬುಲೆಟ್ ತಿರುಗಿ ಹೇಳಿದ್ದಳು. ಹಾಗಿದ್ದೂ ಅವಳು ಅವನ ಪಕ್ಕ ಕೂತು ಸುಳ್ಳಾಡದೆ ಧೈರ್ಯ ತುಂಬಿದ್ದಳು. ಈಗ ಅವನು ಎದ್ದು ನಿಂತು ತನ್ನ ಪಾದಗಳನ್ನೇ ನೋಡಿಕೊಂಡ. "ಸಿಸ್ಟರ್, ಹೊರಗೆ ರಸ್ತೆ ಸುಡ್ತಿರುತ್ತೇನೋ" ಎಂದ ಸಂಕೋಚದಿಂದ.

ಬುಲೆಟ್ ಬಟ್ಟೆ ಕೋಣೆಗೆ ಹೋಗಿ ಕಪಾಟಿನ ಮುಂದೆ ಕುಕ್ಕರಿಸಿದಳು. ಆಮೇಲೆ ಎದ್ದು ಹೋಗಿ ಮೇಷ್ಟ್ರ ಮನೆಗೆ ಫೋನು ಹಚ್ಚಿದಳು. ದೊಡ್ಡಕ್ಕ ಪಕ್ಕದಲ್ಲೇ ನಿಂತಳು.

"ಅಮ್ಮಾ, ನಾನು. ಇನ್ನೊಂದು ವಾರ ಅಂದಿದ್ದೆನಲ್ಲ, ಆ ನರ್ಸ್. ಅವತ್ತು ನನಗೆ ಗೊತ್ತಿರ್ಲಿಲ್ಲಮ್ಮ. ತಪ್ಪಾಯ್ತು." ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಬೂಟಿನ ವಿಷಯ, ಬರಿಗಾಲಿನವನ ವಿಷಯ ಹೇಳಿದಳು. ಮತ್ತೆ ಕೇಳಿಸಿಕೊಂಡಳು. ಕಣ್ಣು ತುಂಬಿ ಬಂತು, ದನಿ ಮಾತ್ರ ಅಲುಗಲಿಲ್ಲ. "ತಿರುಗಿ ಹೇಳ್ತೀನಮ್ಮ. 'ಪಾಲಿಶ್ ಮಾಡಿದ ಬೂಟು ಕಪಾಟಲ್ಲಿ ಕೂರೋದು ಅವರಿಗೆ ಆಗ್ತಿರ್ಲಿಲ್ಲ. ಯಾರಾದ್ರೂ ಹಾಕ್ಕೊಂಡು ನಡೀಲಿ.' ಸರಿನಾ?"

ಆ ಕಡೆಯಿಂದ ಬಂದ ಮಾತು ದೊಡ್ಡಕ್ಕನಿಗೂ ಕೇಳಿಸಿತು.

ಬುಲೆಟ್ ಧೂಳು ಒರೆಸಿದಳು. ಬೂಟು ಪೇಂಟರಿಗೆ ತುಸು ದೊಡ್ಡದಾಯಿತು. ದೊಡ್ಡಕ್ಕ ಎರಡು ಹತ್ತಿ ಉಂಡೆ ತಂದು ತುದಿಗೆ ತುರುಕಿ, ಮಂಡಿಯೂರಿ ದಾರ ಕಟ್ಟಿಕೊಟ್ಟಳು. ಅವನು ಮೊದಲ ಹೆಜ್ಜೆಗಳನ್ನು ಅಳೆದು ಸುರಿದು ಇಟ್ಟ. ಆಮೇಲೆ ಬೆನ್ನು ನೆಟ್ಟಗಾಯಿತು. ಉದ್ದನೆಯ ಕಾರಿಡಾರಿನಲ್ಲಿ ಬೂಟು ಟಕ್ ಟಕ್ ಎನ್ನುತ್ತ ಬಿಸಿಲಿನ ಬಾಗಿಲ ಕಡೆಗೆ ನಡೆಯಿತು. ಹಿಂದೆ ಎಲ್ಲೋ ಮಂಚದ ಗಂಟೆ ಬಾರಿಸಿತು. ಬುಲೆಟ್ ಓಡಲು ತಿರುಗಿದಳು.

"ನೀನು ನೋಡು, ನಾನು ಹೋಗ್ತೀನಿ" ಎಂದು ದೊಡ್ಡಕ್ಕ ಅವಳ ಹೆಗಲು ಅದುಮಿ ಹೋದಳು. ಬುಲೆಟ್ ಅಲ್ಲೇ ನಿಂತು, ಬೂಟು ಮೆಟ್ಟಿಲಿಳಿದು ರಸ್ತೆಗೆ ಸೇರುವವರೆಗೂ ನೋಡಿದಳು.