ಮೊದಲ ಲೋಟದ ನೀರು

ಶುಕ್ರವಾರ ಬೆಳಿಗ್ಗೆ ಪ್ರೇಮಾವತಿ ದೋಸೆ ಕಾವಲಿಗೆ ಎಣ್ಣೆ ಸವರುತ್ತಿದ್ದಾಗ ಹಿಂದಿನಿಂದ ಮಗಳ ದನಿ ಕೇಳಿಸಿತು.

"ಅಮ್ಮ, ಈ ಗ್ರೀನ್ ಜ್ಯೂಸ್ ಯಾಕೆ ಐಸ್ ಆಗ್ಲಿಲ್ಲ?"

ತಿರುಗಿ ನೋಡಿದರೆ ಫ್ರೀಜರಿನ ಬಾಗಿಲು ತೆರೆದೇ ಇತ್ತು. ಆರು ವರ್ಷದ ಮೋಕ್ಷಾ ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಅದರ ಮುಚ್ಚಳ ಹಿಡಿದಿದ್ದಳು. ಬಾಟಲಿಯಲ್ಲಿ ಎಳೆ ಹುಲ್ಲಿನ ಬಣ್ಣದ ನೀರು. ವಾರಕ್ಕೊಮ್ಮೆ ಪುನರ್ಪುಳಿ ಶರಬತ್ತನ್ನು ಅಚ್ಚಿಗೆ ಹೊಯ್ದು ಐಸ್ ಕ್ಯಾಂಡಿ ಮಾಡಿಡುವುದು ಪ್ರೇಮಾವತಿಯ ರೂಢಿ. ಇದು ಅಮ್ಮ ಮಾಡಿದ ಹೊಸ ಬಗೆ ಎಂದು ಮಗು ತಿಳಿದಿತ್ತು.

ಪ್ರೇಮಾವತಿ ಸಟ್ಟುಗ ಕೈಬಿಟ್ಟು ಹಾರಿಬಂದು ಬಾಟಲಿ ಕಿತ್ತುಕೊಂಡಳು.

"ಬಾಯಿಗೆ ಹಾಕಿದ್ಯಾ? ಸತ್ಯ ಹೇಳು ಮಗಾ."

"ಇಲ್ಲಮ್ಮ. ಸ್ಮೆಲ್ ಮಾಡಿದ್ದು ಮಾತ್ರ. ಸ್ವೀಟ್ ಉಂಟು."

ನಾಲಿಗೆ ಹೊರಗೆ ಹಾಕಿಸಿ ನೋಡಿದಳು, ತುಟಿ ಮೂಸಿದಳು, ಎರಡೂ ಕೈಗಳನ್ನು ಸೋಪು ಹಾಕಿ ತೊಳೆದಳು. ಕಾವಲಿಯ ಮೇಲೆ ಎಣ್ಣೆ ಹೊಗೆಯೇಳುತ್ತಿತ್ತು. ಹೆದರಿದ ಮಗು ಅಳಲು ಶುರುಮಾಡಿತು.

ಅಷ್ಟರಲ್ಲಿ ಗಂಡ ಬೋಜ ತಲೆ ಒರೆಸಿಕೊಳ್ಳುತ್ತಾ ಬಚ್ಚಲಿನಿಂದ ಬಂದ. "ಓ, ಅದು ನನ್ನದು. ನಿನ್ನೆ ನಾನೇ ಇಟ್ಟದ್ದು. ನೋಡು ಪ್ರೇಮಾ, ಪಕ್ಕದ ಬಾಟಲಿಯ ನೀರು ಕಲ್ಲಾಗಿದೆ, ಇದು ಒಂಚೂರೂ ಗಟ್ಟಿಯಾಗ್ಲಿಲ್ಲ!" ಎಂದ. ದನಿಯಲ್ಲಿ ಹೆಮ್ಮೆ ಇತ್ತು.

ದೋಹಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಬೋಜನಿಗೆ ಹದಿನಾರು ವರ್ಷದಿಂದ ಕ್ಯಾರವಾನುಗಳ ನೀರಿನ ಕೆಲಸ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಆ ಗಾಡಿಗಳನ್ನು ಅರಬ್ಬರು ಚಳಿಗಾಲದಲ್ಲಿ ಮರಳಿಗೆ ಒಯ್ದು ತಿಂಗಳುಗಟ್ಟಲೆ ಬಿಡಾರ ಹೂಡುತ್ತಾರೆ. ಈ ವಾರ ಅಬು ನಾಸರ್ ಎಂಬ ಮುದುಕರ ಗಾಡಿ ಬಂದಿತ್ತು. ಅದು ಹಡಗೇರಿ ಮಂಜು ಬೀಳುವ ದೇಶಕ್ಕೆ ಹೋಗುವುದಿತ್ತು. ಅಲ್ಲಿ ಚಳಿಗಾಲವೆಲ್ಲ ಬಯಲಲ್ಲಿ ನಿಂತಿದ್ದು, ವಸಂತದಲ್ಲಿ ಮುದುಕರೂ ಮೊಮ್ಮಕ್ಕಳೂ ಹೋಗಿ ಅದರಲ್ಲೇ ಊರೂರು ತಿರುಗುವ ಯೋಚನೆ. ಪೈಪಿನಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ ಪೈಪು ಒಡೆಯುತ್ತದಂತೆ. ಆದ್ದರಿಂದ ಟ್ಯಾಂಕು, ಹೀಟರು ಖಾಲಿ ಮಾಡಿ, ಆ್ಯಂಟಿಫ್ರೀಜ್ ಎಂಬ ಹೆಪ್ಪುಗಟ್ಟದ ದ್ರವವನ್ನು ಪಂಪಿನಿಂದ ಎಳೆಸಿ, ಒಂದೊಂದೇ ನಲ್ಲಿ ಬಿಟ್ಟು, ಬಣ್ಣ ಕಾಣಿಸಿದ ಕೂಡಲೇ ಮುಚ್ಚಬೇಕು. ಹಡಗಿನವರು ಕೊಟ್ಟ ಕಾಗದದಲ್ಲಿ ಹಾಗೆ ಬರೆದಿತ್ತು.

ಫ್ರಿಜ್ಜಿನ ಹೊರಗೆ ಹೆಪ್ಪುಗಟ್ಟಿದ ನೀರನ್ನು ಬೋಜ ಜನ್ಮದಲ್ಲಿ ಕಂಡವನಲ್ಲ. ಕಣ್ಣಾರೆ ಕಾಣದ್ದನ್ನು ನಂಬುವ ಜಾಯಮಾನವೂ ಅವನದಲ್ಲ. ಹಾಗಾಗಿ ಗುರುವಾರ ಕೆಲಸ ಮುಗಿಸಿ, ಕ್ಯಾನಿನ ತಳದಲ್ಲಿ ಉಳಿದದ್ದನ್ನು ಬಾಟಲಿಗೆ ಹಾಕಿ ಮನೆಗೆ ತಂದಿದ್ದ.

ಪಕ್ಕದ ಕೋಣೆಯ ರೋಸಲಿನ್ ಬಾಯಿ ಮಗುವಿನ ಅಳು ಕೇಳಿ ಒಳಗೆ ಬಂದರು. ಅವರಿದ್ದ, ದೋಹಾ ಅಲ್ ಜದೀದಾ ಬಡಾವಣೆಯ ಹಳೆಯ ವಿಲ್ಲಾವನ್ನು ನಾಲ್ಕು ಮನೆಯಾಗಿ ಒಡೆದಿದ್ದರು. ಒಂದು ಕಡೆ ಕೆಮ್ಮಿದರೆ ಎಲ್ಲ ಕಡೆ ಕೇಳುತ್ತಿತ್ತು. ರೋಸಲಿನ್ ನರ್ಸು. ಬಾಟಲಿ ಮೂಸಿ, ಬೋಜನ ಫೋನಿನಲ್ಲಿದ್ದ ಕ್ಯಾನಿನ ಫೋಟೋ ದೊಡ್ಡದು ಮಾಡಿ ನೋಡಿದರು.

"ಎಂತ ಬೋಜಣ್ಣ, ತಲೆ ಸಮ ಉಂಟಾ ನಿಮಗೆ? ಇದು ರೇಡಿಯೇಟರಿಗೆ ಹಾಕುವುದಲ್ವಾ? ತಲೆಬುರುಡೆ ಚಿತ್ರ ಕಾಣುದಿಲ್ವಾ? ರುಚಿ ಸಿಹಿ ಇರ್ತದೆ, ಅದೇ ಇದರ ಕೆಟ್ಟ ಗುಣ. ಮಕ್ಕಳು ಎರಡು ಗುಟುಕು ಕುಡಿದ್ರೆ ಕಿಡ್ನಿ ಹೋಗ್ತದೆ."

ಪ್ರೇಮಾವತಿ ನೆಲದ ಮೇಲೆ ಕೂತಳು. ಮೋಕ್ಷಾ ಬಂದು ಮಡಿಲೇರಿದಳು. ಆ ಪುಟ್ಟ ಬೆನ್ನನ್ನು ಸವರುತ್ತಾ ಸವರುತ್ತಾ ಅವಳಿಗೆ ಇನ್ನೊಂದು ಮಾತು ಹೊಳೆಯಿತು.

"ಇದನ್ನೇ ಹಾಕಿದ್ದಾ ನೀವು? ಆ ಗಾಡಿಯ ಕುಡಿಯುವ ನೀರಿನ ಪೈಪಿಗೆ?"

ಬೋಜ ರೋಸಲಿನ್ ಬಾಯಿಯ ಕೈಯಿಂದ ಫೋನು ತೆಗೆದುಕೊಂಡು ಆ ಫೋಟೋವನ್ನು ತಾನೂ ನೋಡಿದ.

"ಕೇಳಿದ್ದು ನಿಮ್ಮ ಹತ್ರ."

"ಕಾಗದದಲ್ಲಿ ನೀರಿನ ಪೈಪಿಗೆ ಹಾಕುವಂಥದ್ದು, ಪಿಂಕ್ ಬಣ್ಣದ್ದು ಅಂತಲೇ ಇತ್ತು. ಸ್ಟೋರಿನ ಝಕರಿಯಾ, 'ಪಿಂಕ್ ಮಾಫಿ, ಸ್ಟಾಕ್ ಇಲ್ಲ, ಆ್ಯಂಟಿಫ್ರೀಜ್ ಅಂದ್ರೆ ಎಲ್ಲ ಒಂದೇ, ಯಲ್ಲಾ, ಹಾಕು' ಅಂದ. ಬಣ್ಣ ಮಾತ್ರ ಬೇರೆ ಅಂದ್ಕೊಂಡೆ ನಾನೂ."

ಬೋಜನಿಗೊಂದು ಪದ್ಧತಿಯಿತ್ತು. ನೀರಿನ ಕೆಲಸ ಮುಗಿದ ಮೇಲೆ ಗಾಡಿಯ ಯಜಮಾನನ ಎದುರೇ ನಲ್ಲಿ ತಿರುಗಿಸಿ ಮೊದಲ ಲೋಟ ತಾನು ಕುಡಿಯುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ. ಹೋದ ವರ್ಷ ಅವನು ಕುಡಿದಿಟ್ಟ ಮೇಲೆ, ಅಬು ನಾಸರರ ಮೊಮ್ಮಗಳು ಅದೇ ನಲ್ಲಿಗೆ ತನ್ನ ಲೋಟ ಒಡ್ಡಿದ್ದಳಂತೆ. "ನಮ್ಮ ಮೋಕ್ಷಾಳಷ್ಟೇ ಉಂಟು ಹುಡುಗಿ," ಎಂದು ಅವತ್ತು ಮನೆಗೆ ಬಂದು ನಕ್ಕಿದ್ದ.

"ಆ ಹುಡುಗಿ ಅಲ್ಲಿ ಹೋಗಿ ನಲ್ಲಿ ತಿರುಗಿಸ್ತಾಳಲ್ಲ," ಎಂದಳು ಪ್ರೇಮಾವತಿ.

"ತೊಳೆದೇ ಉಪಯೋಗಿಸ್ತಾರೆ ಮಾರಾಯ್ತಿ. ಹಾಗೆ ಬರೆದುಂಟು."

"ತೊಳೆದ್ರೆ ಪೂರ್ತಿ ಹೋಗ್ತದಾ? ಆ ನೀರು ನೀವು ಮೋಕ್ಷಾಳಿಗೆ ಕೊಡ್ತೀರಾ?"

ಬೋಜ ಟವಲನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಕೊನೆಗೆ ಫೋರ್‌ಮನ್ ಅಬ್ದುಲ್ ಮಜೀದರಿಗೆ ಫೋನ್ ಮಾಡಿದ. ಅವರ ದನಿ ಅಡುಗೆಮನೆಗೆಲ್ಲ ಕೇಳಿಸಿತು.

"ಬೋಜ, ಪೇಪರಿಗೆ ಸೈನ್ ಆಗಿದೆ. ನಾಳೆ ಬೆಳಿಗ್ಗೆ ಗಾಡಿ ಪೋರ್ಟಿಗೆ. ಈಗ ಬಾಯಿ ಬಿಟ್ರೆ ನಿನ್ನ ಕೆಲಸವೂ ಹೋಗ್ತದೆ, ನನ್ನದೂ ಹೋಗ್ತದೆ. ಖಲಾಸ್, ಮರೆತುಬಿಡು."

ಮರೆತುಬಿಡಲು ಕಾರಣಗಳು ಇದ್ದವು. ಬರುವ ತಿಂಗಳು, ಈ ದೇಶದಲ್ಲಿರಲು ಬೇಕಾದ ಬೋಜನ ಐಡಿಯ ಅವಧಿ ಮುಗಿಯುತ್ತಿತ್ತು. ಕಂಪನಿ ಅದನ್ನು ಹೊಸದು ಮಾಡಿಕೊಡದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಮೋಕ್ಷಾಳ ಶಾಲೆ, ಈ ಇಷ್ಟಗಲದ ಅಡುಗೆಮನೆ, ಕಿಟಕಿಯಲ್ಲಿ ಡಬ್ಬಿಗೆ ನೆಟ್ಟ ಬಸಳೆ, ಎಲ್ಲ ಬಿಡಬೇಕು. ಮದುವೆಯಾಗಿ ಏಳು ವರ್ಷ ಗಂಡನನ್ನು ಫೋನಿನಲ್ಲಷ್ಟೇ ಕಂಡು, ಆಮೇಲೆ ಇಲ್ಲಿಗೆ ಬಂದವಳು ಪ್ರೇಮಾವತಿ. ಅವಳಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡೇ ಎದ್ದು ಒಲೆ ಆರಿಸಿದಳು. ಕಾವಲಿ ಕರಟಿತ್ತು.

"ಊರಿಗೆ ಹೋಗುದಾದ್ರೆ ಹೋಗುವ. ನಾನು ಬೇಡ ಹೇಳುದಿಲ್ಲ. ನನ್ನ ಮಗು ನನ್ನ ಕೈಯಲ್ಲಿ ಉಂಟು. ಆ ಹುಡುಗಿಯ ಅಮ್ಮನಿಗೆ ಯಾರು ಹೇಳುದು?"

ರೋಸಲಿನ್ ಬಾಯಿ ಮೆಲ್ಲನೆ ಮೋಕ್ಷಾಳನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು.

ಬೋಜ ಮತ್ತೆ ಫೋನು ಕೈಗೆತ್ತಿಕೊಂಡ. ಈ ಸಲ ನೇರ ಅಬು ನಾಸರರ ನಂಬರಿಗೇ ಕರೆ ಮಾಡಿದ. ಗ್ಯಾರೇಜಿನಲ್ಲಿ ಕಲಿತ ಅವನ ಅರಬ್ಬಿ ನಾಲ್ಕು ಶಬ್ದದ್ದು. ಆ್ಯಂಟಿಫ್ರೀಜು, ಕಿಡ್ನಿ, ಹಸಿರು, ಪಿಂಕು ಇವನ್ನೆಲ್ಲ ಹೇಳುವಷ್ಟು ಅವನಿಗೆ ಬರುತ್ತಿರಲಿಲ್ಲ.

"ಬಾಬಾ, ಅನಾ ಬೋಜ," ಎಂದ. "ಸಯ್ಯಾರಾ ಮೊಯಾ ಮಾಫಿ ಜೇನ್. ಅನಾ ಮಾಫಿ ಶರಬ್."

ಗಾಡಿಯ ನೀರು ಸರಿಯಿಲ್ಲ, ನಾನು ಕುಡಿದಿಲ್ಲ ಎಂದು ಅದರರ್ಥ. ಬೋಜ ಇನ್ನೊಮ್ಮೆ ಹೇಳಿದ: "ಮೊದಲ ಲೋಟ ನಾನು ಕುಡಿದಿಲ್ಲ, ಬಾಬಾ. ಪಾಪು ಕುಡಿಯಬಾರದು." ಮುಕ್ಕಾಲು ಕನ್ನಡವೇ ಆಯಿತು. ಫೋನು ಕಟ್ಟಾಯಿತು.

ಪ್ರೇಮಾವತಿ ಆ ಹಸಿರು ಬಾಟಲಿಯನ್ನು ಎರಡು ಚೀಲದಲ್ಲಿ ಸುತ್ತಿ, ಗ್ಯಾರೇಜಿಗೇ ಮರಳಿ ಒಯ್ಯಬೇಕೆಂದು ಬಾಗಿಲ ಬಳಿ ಎತ್ತರದಲ್ಲಿಟ್ಟಳು. ಫ್ರೀಜರಿನಲ್ಲಿದ್ದುದನ್ನೆಲ್ಲ, ಪುನರ್ಪುಳಿ ಕ್ಯಾಂಡಿಯನ್ನೂ, ಹೊರಗೆ ಸುರಿದು ಒರೆಸಿದಳು. ಅದು ಬೇಕಿರಲಿಲ್ಲ. ಆದರೂ ಎರಡು ಸಲ ಒರೆಸಿದಳು.

ಅರ್ಧ ಗಂಟೆಯಲ್ಲಿ ಮಜೀದರ ಫೋನು ಬಂತು. "ನನ್ನ ತಲೆಗೆ ಕಲ್ಲು ಹಾಕಿದೆಯಲ್ಲ ಮಾರಾಯ! ಮುದುಕರು ಗಾಡಿ ಕಳಿಸುದಿಲ್ಲ ಹೇಳಿದ್ರು. ಪೈಪು, ಪಂಪು, ಎಲ್ಲ ಕಳಚಿ ಹೊಸದು ಹಾಕಬೇಕಂತೆ. ಯಲ್ಲಾ, ಬಾ." ಫೋನಿಡುವ ಮೊದಲು ದನಿ ತಗ್ಗಿತು. "ಮಗಳು ಹುಷಾರಿದ್ದಾಳಲ್ಲ? ರೋಸಲಿನ್ ಬಾಯಿ ನನ್ನ ಹೆಂಡತಿಗೆ ಫೋನಲ್ಲಿ ಹೇಳಿದ್ರು."

ಕೆಲಸ ಹೋಗಲಿಲ್ಲ. ಐಡಿಯೂ ಹೊಸತಾಯಿತು. ಆದರೆ ಕಂಪನಿ ಬೋಜನನ್ನು ನೀರಿನ ಕೆಲಸದಿಂದ ತೆಗೆದು ಎಸಿ ರಿಪೇರಿಗೆ ಹಾಕಿತು. ಹದಿನಾರು ವರ್ಷದ ಅವನ ಸ್ಪಾನರು ಪೆಟ್ಟಿಗೆ ಬೇರೊಬ್ಬನ ಕೈಗೆ ಹೋಯಿತು. ಮನೆಯಲ್ಲಿ ಅವನು ಆ ಮಾತೆತ್ತುತ್ತಿರಲಿಲ್ಲ. ಪ್ರೇಮಾವತಿಯೂ ಕೆದಕಲಿಲ್ಲ. ಅವನಿಷ್ಟದ ಬಂಗುಡೆ ಮೀನಿನ ಪುಳಿಮುಂಚಿಯನ್ನು ಮಾತ್ರ ವಾರಕ್ಕೆ ಎರಡು ಸಲ ಮಾಡತೊಡಗಿದಳು.

ಜನವರಿಯ ಒಂದು ಸಂಜೆ ಅವನು ಬಂದು, ಬೂಟು ಕಳಚದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ.

"ಅಬು ನಾಸರ್ ಮೊಮ್ಮಗಳನ್ನು ಕರ್ಕೊಂಡು ಬಂದಿದ್ರು ಇವತ್ತು. ಆ ಗಾಡಿ ಹಡಗಿಗೆ ಹೋಗ್ಲೇ ಇಲ್ಲ. ಈಗ ಮರಳಿಗೇ ಒಯ್ಯುದಂತೆ. ಹೊಸ ಹುಡುಗ ನೀರು ತುಂಬಿಸಿ ಕೊಟ್ಟಿದ್ದ. ಮುದುಕರು ಕೀ ತೆಗೊಳ್ಳಲಿಲ್ಲ. ಎಸಿ ಸೆಕ್ಷನ್ನಿಗೆ ಬಂದು ನನ್ನನ್ನು ಕರೆದ್ರು."

"ಎಂತಕ್ಕೆ?"

"ಕೈಗೆ ಲೋಟ ಕೊಟ್ರು."

ಪ್ರೇಮಾವತಿಯ ಕೈಯಲ್ಲಿದ್ದ ಈರುಳ್ಳಿ ಹಾಗೇ ಉಳಿಯಿತು.

"ನಾನು ಕುಡಿದೆ. ಆಮೇಲೆ ಮೊಮ್ಮಗಳಿಗೆ ನಾನೇ ತುಂಬಿಸಿ ಕೊಟ್ಟೆ."

ಈರುಳ್ಳಿಯನ್ನು ಕೆಳಗಿಟ್ಟು ಅವಳು ಕೇಳಿದಳು, "ಹೇಗಿತ್ತು ನೀರು?"

ಬೋಜ ಯೋಚಿಸಿ ಹೇಳಿದ. "ಹೊಸ ಪೈಪಿನ ವಾಸನೆ ಸ್ವಲ್ಪ ಉಂಟು. ಎರಡು ದಿನದಲ್ಲಿ ಹೋಗ್ತದೆ."