ನಾಗಭೂಷಣ ಮಹಲಿನ ಟ್ಯೂನು

ಬಲಸಮುದ್ರದ ಕಡೆಯ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಪಾವಗಡದ ನಾಗಭೂಷಣ್ ಅವರಿಗೆ ಬಿಡುವು ಹೆಚ್ಚಾಯಿತು. ಬಿಡುವು ಹೆಚ್ಚಾದಷ್ಟೂ ಅಭಿಪ್ರಾಯಗಳು ಹೆಚ್ಚಾದವು. ಊರಿನ ಚರಂಡಿ, ಮನೆಯ ಅಡುಗೆ, ನೆಂಟರ ಮಕ್ಕಳ ಓದು, ಎಲ್ಲದರ ಬಗ್ಗೆ ಹೇಳಿ ಮುಗಿಸಿದ ಮೇಲೆ ಒಂದು ಕಲ್ಯಾಣ ಮಂಟಪ ಕಟ್ಟಿಸಿ ಅದಕ್ಕೆ ನಾಗಭೂಷಣ ಮಹಲ್ ಎಂದು ಹೆಸರಿಟ್ಟರು. ಮಹಲಿಗೆ ಬಣ್ಣ ಬಳಿಯುವ ಹೊತ್ತಿಗೆ ಅವರ ಗಮನ ಸಂಗೀತದ ಕಡೆ ತಿರುಗಿತು. ಹಾಗೆ ತಿರುಗಿದ್ದರಿಂದ ತೊಂದರೆಗೆ ಸಿಕ್ಕಿಕೊಂಡವಳು ಮಧುಗಿರಿಯ ಪುಷ್ಪಾವತಿ.

ಪುಷ್ಪಾವತಿಯ ಗಂಡ ಪ್ರಸನ್ನ ಕುಮಾರ್, ನಾಗಭೂಷಣ್ ಅವರ ಹೆಂಡತಿ ಚನ್ನಮಲ್ಲಮ್ಮನವರಿಗೆ ಒಡಹುಟ್ಟಿದ ತಮ್ಮ. ಪುಷ್ಪಾವತಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದಳು, ಸುತ್ತಲಿನ ಬ್ಯಾಂಡ್ ಸೆಟ್ಟುಗಳಿಗೆ ಸ್ವರ ಬರೆದುಕೊಡುತ್ತಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಸ್ವರ ಬರೆಯುವ ಸಾಫ್ಟ್‌ವೇರ್ ಇತ್ತು. ಪರದೆಯ ಮೇಲೆ ಇದ್ದುದನ್ನೆಲ್ಲ ಓದಿ ಹೇಳುವ ಸ್ಕ್ರೀನ್ ರೀಡರ್ ಇತ್ತು. ಎ ಇಂದ ಜಿ ವರೆಗಿನ ಏಳು ಅಕ್ಷರಗಳಲ್ಲಿ ಯಾವುದನ್ನು ಒತ್ತಿದರೂ ಆ ಹೆಸರಿನ ಸ್ವರ ಹಾಳೆಯ ಮೇಲೆ ಕೂರುತ್ತಿತ್ತು. ಆರ್ ಒತ್ತಿದರೆ ಹಿಂದಿನ ಸ್ವರವೇ ಮತ್ತೊಮ್ಮೆ. ಟಿ ಒತ್ತಿದರೆ ಸ್ವರಕ್ಕೆ ಸ್ವರ ಗಂಟು ಬಿದ್ದು ಊದುವವನು ಉಸಿರು ಬಿಡದೆ ಎಳೆಯಬೇಕು. ಉಳಿದ ಅಕ್ಷರಗಳು ಹೆಚ್ಚಾಗಿ ಸುಮ್ಮನಿರುತ್ತಿದ್ದವು. ಪ್ರತಿ ಕೀಲಿಗೂ ಸ್ಕ್ರೀನ್ ರೀಡರಿನ ಹೆಂಗಸು "ನೋಟ್ ಡಿ, ಕ್ವಾರ್ಟರ್, ಬಾರ್ ಟ್ವೆಲ್ವ್, ಕ್ಲಾರಿನೆಟ್" ಎಂದು ಒಂದೇ ಉಸಿರಿಗೆ ಒದರುತ್ತಿದ್ದಳು. ಪುಷ್ಪಾವತಿ ಅವಳ ವೇಗವನ್ನು ಎಷ್ಟು ಏರಿಸಿಟ್ಟಿದ್ದಳೆಂದರೆ, ಬೇರೆ ಯಾರ ಕಿವಿಗೂ ಅದು ಕಡಲೆಕಾಯಿ ಹುರಿಯುವ ಸದ್ದಿನಂತೆ ಕೇಳುತ್ತಿತ್ತು.

ಮಹಲಿಗೆ ಅದರದೇ ಆದ ಒಂದು ಟ್ಯೂನು ಬೇಕು, ಉದ್ಘಾಟನೆಯ ದಿನ ದೀಪ ಹಚ್ಚುವಾಗ ಬ್ಯಾಂಡಿನವರು ಅದನ್ನು ನುಡಿಸಬೇಕು ಎಂದು ನಾಗಭೂಷಣ್ ಫೋನು ಮಾಡಿದಾಗ ಪುಷ್ಪಾವತಿಗೆ ಸಂತೋಷವೇ ಆಯಿತು. ಆ ಸಂತೋಷ ಮಾರನೆಯ ದಿನದಿಂದ ಬರತೊಡಗಿದ ವಾಯ್ಸ್ ಮೆಸೇಜುಗಳಲ್ಲಿ ಕರಗಿಹೋಯಿತು.

"ಪುಷ್ಪಾ, ಟ್ಯೂನು ಜೋರಾಗಿರಬೇಕು ಕಣಮ್ಮ. ಆದ್ರೆ ಗಲಾಟೆ ಅನ್ನಿಸ್ಬಾರದು. ಆಂಧ್ರದ ಪಾರ್ಟಿಗಳೂ ಬುಕ್ ಮಾಡ್ತಾರೆ, ಅವ್ರಿಗೂ ಹಿಡಿಸ್ಬೇಕು."

ಸಾಯಂಕಾಲ ಇನ್ನೊಂದು. "ಪುಷ್ಪಾ, ಮಧ್ಯದಾಗೆ ಕ್ಲಾರಿನೆಟ್ಟು ಒಂದೇ ಬರ್ಲಿ. ಅದು ಅಳ್ಬೇಕು. ಆದ್ರೆ ಶುಭಕಾರ್ಯದಾಗೆ ಅಳಂಗಿಲ್ವಲ್ಲ, ಅದಕ್ಕೆ ನಗ್ತಾ ನಗ್ತಾ ಅಳ್ಲಿ."

ಅವಳು ನಗುತ್ತಾ ಅಳುವ ಹಾಗೆ ಬರೆದು ಕಳಿಸಿದಳು. ಕೇಳಿ, ಅಳು ಜಾಸ್ತಿಯಾಯಿತು ಎಂದರು. ಅಳು ಕಡಿಮೆ ಮಾಡಿದಳು. ಈಗ ನಗು ಚಿಲ್ಲರೆಯಾಗಿದೆ, ಗಾಂಭೀರ್ಯ ಬೇಕು ಎಂದರು. ಕೊನೆಗೆ ಅವಳು ಮಧ್ಯದ ಕ್ಲಾರಿನೆಟ್ಟನ್ನು ಪೂರ್ತಿ ಅಳಿಸಿ, ಆ ಜಾಗದಲ್ಲಿ ಮೆಲ್ಲಗೆ ಡ್ರಮ್ ಒಂದನ್ನೇ ಉಳಿಸಿ, ಉಳಿದುದನ್ನೆಲ್ಲ ಕಿವಿಯಿಟ್ಟು ಪರೀಕ್ಷಿಸಿ, ಇದು ಇಷ್ಟೇ ಎಂದು ತೀರ್ಮಾನಿಸಿದಳು.

ಅದೇ ದಿನ ಚನ್ನಮಲ್ಲಮ್ಮನವರು ಉದ್ಘಾಟನೆಗೆ ಸೀರೆ ತೆಗೆಯಲು ಮಧುಗಿರಿಗೆ ಬಂದಿದ್ದರು. ಬಂದವರೇ ಕುರ್ಚಿಯ ಮೇಲಿದ್ದ ಹೆಡ್‌ಫೋನಿನ ಮೇಲೆ ಕೂತರು. ಅದು ಎರಡು ತುಂಡಾಯಿತು. ಅವರಿಗೆ ಗೊತ್ತಾಗಲಿಲ್ಲ, ಪುಷ್ಪಾವತಿ ಹೇಳಲಿಲ್ಲ. ಹೆಡ್‌ಫೋನು ಇಲ್ಲದ್ದರಿಂದ ಸ್ಕ್ರೀನ್ ರೀಡರಿನ ಮಾತು ಕೋಣೆಗೆಲ್ಲ ಕೇಳತೊಡಗಿತು.

"ಏನ್ ಪುಷ್ಪಾ, ಈವಮ್ಮ ಉಸುರೇ ತಗಳ್ದಂಗೆ ಮಾತಾಡ್ತಾಳಲ್ಲ," ಎಂದರು ಚನ್ನಮಲ್ಲಮ್ಮ, ಸೀರೆಯ ಮಡಿಕೆ ಬಿಚ್ಚುತ್ತಾ. "ನಮ್ಮೆಜಮಾನ್ರಿಗೆ ಸರಿಯಾದ ಜೋಡಿ."

ಅಷ್ಟರಲ್ಲಿ ಯಜಮಾನರದೇ ಮೆಸೇಜು ಬಂತು. ಪುಷ್ಪಾವತಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು. ಟ್ಯೂನು ಆರಂಭದಲ್ಲಿ ಸೂರ್ಯ ಹುಟ್ಟಿದಂತೆ ಇರಬೇಕು, ಆದರೆ ಬಿಸಿಲು ಹತ್ತಬಾರದು, ಇವತ್ತೇ ಕಳಿಸಬೇಕು ಎಂಬುದು ಆ ದಿನದ ಅಪ್ಪಣೆ.

ಪುಷ್ಪಾವತಿಗೆ ತಡೆಯಲಾಗಲಿಲ್ಲ. ಕೊರಟಗೆರೆಯಲ್ಲಿ ಟೀಚರಾಗಿರುವ ಗೆಳತಿ ಯಶೋದಳಿಗೆ ಎಲ್ಲವನ್ನೂ ಬರೆದು ಹಾಕಿಬಿಡಬೇಕು ಅನ್ನಿಸಿತು. ಇಬ್ಬರೂ ಅಂಧರ ಶಾಲೆಯಲ್ಲಿ ಒಂದೇ ಬೆಂಚಿನವರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡಿ ಹರಟುವುದು ರೂಢಿ. ಆದರೆ ಟೈಪು ಮಾಡಿದ್ದನ್ನು ಸ್ಕ್ರೀನ್ ರೀಡರು ಓದುತ್ತದೆ. ಅದರ ಇಂಗ್ಲಿಷ್ ಬಾಯಲ್ಲಿ ಕನ್ನಡ ಎಷ್ಟೇ ಸೊಟ್ಟಗಾದರೂ ನಾಗಭೂಷಣ್ ಎಂಬುದು ನಾಗಭೂಷಣ್ ಎಂದೇ ಕೇಳುತ್ತದೆ, ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದಾರೆ. ಹಾಗಾಗಿ ಪುಷ್ಪಾವತಿ ಲ್ಯಾಪ್‌ಟಾಪಿನ ದನಿಯನ್ನೇ ಪೂರ್ತಿ ಬಂದ್ ಮಾಡಿದಳು. ಆಲ್ಟ್ ಮತ್ತು ಟ್ಯಾಬ್ ಒತ್ತಿ ಸ್ವರದ ಹಾಳೆಯಿಂದ ಮೆಸೇಜಿನ ಪುಟಕ್ಕೆ ಹಾರಿದಳು. ಸಿಟ್ಟಿನ ಅವಸರದಲ್ಲಿ ಒಂದು ಸಲದ ಬದಲು ಎರಡು ಸಲ ಒತ್ತಿದ್ದಳು. ಹಾರಿದವಳು ಮತ್ತೆ ಹಾಳೆಗೇ, ಕ್ಲಾರಿನೆಟ್ಟು ಅಳಿಸಿದ್ದ ಜಾಗಕ್ಕೇ ಬಂದು ಇಳಿದಿದ್ದಳು. ಹಾಗಾಗಿದೆ ಎಂದು ಹೇಳಬೇಕಾದವಳ ಬಾಯನ್ನು ಅವಳೇ ಮುಚ್ಚಿದ್ದಳು.

ಮನಸಾರೆ ಬರೆದಳು. ಲೇ ಯಶೋದ, ಈ ಮನುಷ್ಯ ದಡ್ಡ. ಸಾಮಾನ್ಯ ದಡ್ಡ ಅಲ್ಲ, ದಡ್ಡರಿಗೆಲ್ಲ ಹೇಳಿಕೊಡುವಷ್ಟು ದಡ್ಡ. ಬರೀ ಬಡಾಯಿ. ಬೇಡ ಬೇಡ ಅಂದರೂ ಬಿಡದ ಬಡಾಯಿ. ಸಂಗೀತದ ಗಂಧಗಾಳಿ ಇಲ್ಲ, ಅಬ್ಬಬ್ಬ, ಮಾತು ನೋಡಬೇಕು. ಹೀಗೇ ಇನ್ನೂ ಸಾಕಷ್ಟು. ಬರೆದು ಎಂಟರ್ ಒತ್ತಿದಾಗ ಎದೆ ಹಗುರಾಯಿತು.

"ಅದೇನಮ್ಮ ಅಷ್ಟ್ ಜೋರಾಗಿ ಕುಟ್ತಿದ್ದೆ?" ಎಂದರು ಚನ್ನಮಲ್ಲಮ್ಮ.

"ಅಣ್ಣನ ಕೆಲಸವೇ ಅತ್ತಿಗೆ," ಎಂದಳು ಪುಷ್ಪಾವತಿ. ಅದು ನಿಜವೇ ಆಗಿತ್ತು ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವಳು ಕಾಫಿ ಮಾಡಲು ಎದ್ದುಹೋದಾಗ ಪ್ರಸನ್ನ ಕುಮಾರ್ ಬಂದು, ಭಾವ ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದಾರೆ ಎಂದು, ಹಾಳೆಯನ್ನು ಇದ್ದ ಹಾಗೆಯೇ ಸೇವ್ ಮಾಡಿ ಶಿರಾದ ಬ್ಯಾಂಡ್ ಮಾಸ್ತರ್ ಜಯರಾಮು ಅವರಿಗೆ ಕಳಿಸಿಬಿಟ್ಟ.

ಜಯರಾಮು ಪೊಲೀಸ್ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು. ಕೊಟ್ಟದ್ದನ್ನು ಕೊಟ್ಟ ಹಾಗೆ ನುಡಿಸಬೇಕು, ಪ್ರಶ್ನೆ ಕೇಳಬಾರದು ಎಂಬುದು ಅವರು ಸರ್ವಿಸ್ಸಿನಲ್ಲಿ ಕಲಿತ ಶಿಸ್ತು. ಅಂಥವರು ಉದ್ಘಾಟನೆಗೆ ಎರಡು ದಿನ ಇದೆ ಅನ್ನುವಾಗ ಪುಷ್ಪಾವತಿಗೆ ಫೋನು ಮಾಡಿದರು.

"ಮೇಡಂ, ಆ ಮಧ್ಯದ ಕ್ಲಾರಿನೆಟ್ಟು ಕಮಾಲ್ ಐತೆ. ಬಹಳ ಕಷ್ಟ, ಆದ್ರೂ ಕಮಾಲ್. ಒಂದೇ ಒಂದು ಡೌಟು. ಮೂರನೇ ಸಾಲಿನಾಗೆ ಸ್ವರಕ್ಕೆ ಸ್ವರ ಗಂಟು ಹಾಕಿದೀರಲ್ಲ, ಅದನ್ನ ಊದೋ ನಮ್ ಮುದುಕ್ರು ದೊಡ್ಡರಂಗಯ್ಯ ಉಸುರು ಎಲ್ಲಿ ತಗಬೇಕು? ನಿನ್ನೆ ನುಡಿಸ್ತಾ ನುಡಿಸ್ತಾ ಕಣ್ಣು ಕತ್ಲೆ ಬಂದು ಕುಂತ್ಬುಟ್ರು."

"ಯಾವ ಕ್ಲಾರಿನೆಟ್ಟು? ಅಲ್ಲಿ ಬರೀ ಡ್ರಮ್ ಇರೋದು ಜಯರಾಮಣ್ಣ."

"ಪ್ರಿಂಟಿನಾಗೆ ಐತಲ್ಲ ಮೇಡಂ. ಒಂದು ಪುಟ ತುಂಬ ಐತೆ."

ಪುಷ್ಪಾವತಿ ಹೊಸ ಹೆಡ್‌ಫೋನು ಹಾಕಿಕೊಂಡು ಹಾಳೆ ತೆರೆದಳು. ಡ್ರಮ್ಮಿನ ಜಾಗಕ್ಕೆ ಬಂದು ಕ್ಲಾರಿನೆಟ್ಟಿನ ಸಾಲಿಗೆ ಹೋಗಿ, ಮೊದಲ ಕೆಲವು ಸ್ವರ ದಾಟಿದಳು. ನೋಟ್ ಡಿ. ನೋಟ್ ಎ. ನೋಟ್ ಡಿ. ನೋಟ್ ಡಿ. ನೋಟ್ ಎ. ಇದೆಂಥ ವಿಚಿತ್ರ ಪದ್ಧತಿ, ಯಾವ ರಾಗದಲ್ಲೂ ಇಲ್ಲವಲ್ಲ ಅಂದುಕೊಂಡಳು. ಮುಂದೆ ಮತ್ತೆ ಅದೇ. ಇನ್ನೂ ಮುಂದೆ ಬಿ, ಎ, ಡಿ, ಎ. ಆಮೇಲೆ ಬಿ, ಇ, ಡಿ, ಎ, ಮತ್ತೊಮ್ಮೆ ಬಿ, ಇ, ಡಿ, ಎ. ಕಿವಿಗಿಂತ ಮೊದಲು ಬೆರಳುಗಳಿಗೆ ನೆನಪಾಯಿತು. ದಡ್ಡ, ಬಡಾಯಿ, ಬೇಡ ಬೇಡ. ಯಶೋದ ಯಾಕೆ ಉತ್ತರ ಕೊಟ್ಟಿಲ್ಲ ಎಂಬುದೂ ಆಗಲೇ ಅರ್ಥವಾಯಿತು.

ತಕ್ಷಣ ಜಯರಾಮು ಅವರಿಗೆ ಫೋನು ಮಾಡಿ, ಅದು ತಪ್ಪಿ ಬಿದ್ದದ್ದು, ಆ ಪುಟ ತೆಗೆದುಹಾಕಿ ಎಂದಳು.

"ಅದು ಬಿಲ್ಕುಲ್ ಆಗಾಕಿಲ್ಲ ಮೇಡಂ. ನಿನ್ನೆ ನಾಗಭೂಷಣ್ ಸಾಹೇಬ್ರು ಶಿರಾಕ್ಕೇ ಬಂದು ಪ್ರಾಕ್ಟೀಸ್ ಕೇಳಿದ್ರು. ಬೇರೆ ಎಲ್ಲಾದಕ್ಕೂ ಏನೋ ಒಂದು ಕೊಂಕು ತೆಗೆದ್ರು. ಈ ಕ್ಲಾರಿನೆಟ್ಟು ಬಂದಾಗ ಮಾತ್ರ ಸುಮ್ನಾದ್ರು. ನಾನ್ ಇಷ್ಟು ದಿನ ಹೇಳ್ತಿದ್ದುದು ಇದ್ನೇ, ಈಗ ಅರ್ಥ ಆತು ಪುಷ್ಪಂಗೆ, ಅಂದ್ರು. ಅದರಾಗೆ ಒಂದು ಸ್ವರ ಮುಟ್ಟಿದ್ರೂ ಬ್ಯಾಂಡೇ ಬೇಡ ಅಂದವ್ರೆ."

ಪ್ರಸನ್ನ ಕುಮಾರನಿಗೆ ವಿಷಯ ಹೇಳಿದಾಗ ಅವನು ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ನಕ್ಕು ಮುಗಿದ ಮೇಲೆ ಅವನಿಗೆ ಭಯ ಹತ್ತಿತು.

"ಅಕ್ಕಂಗೆ ಗೊತ್ತಾದ್ರೆ ಅಷ್ಟೇ ಕತೆ. ನೀನು ಬಾಯಿ ಬಿಡಬೇಡ. ಸ್ವರ ಕೇಳಿ ಅಕ್ಷರ ಕಂಡ್ಹಿಡಿಯೋರು ಪಾವಗಡದಾಗೆ ಯಾರವ್ರೆ?"

"ನಾನಿದೀನಲ್ಲ ರೀ," ಎಂದಳು ಅವಳು. "ಅಲ್ಲಿ ಕೂತು ನಗದೆ ಇರೋದು ಹೆಂಗೆ?"

ಉದ್ಘಾಟನೆಯ ದಿನ ಅವಳನ್ನು ಮುಂದಿನ ಸಾಲಿನಲ್ಲಿ ಚನ್ನಮಲ್ಲಮ್ಮನವರ ಪಕ್ಕದಲ್ಲೇ ಕೂರಿಸಿದರು. ಮಹಲು ಹೊಸ ಬಣ್ಣ, ಮಲ್ಲಿಗೆ, ಒಗ್ಗರಣೆಯ ವಾಸನೆಯಲ್ಲಿ ಮುಳುಗಿತ್ತು. ಸ್ವಾಮಿಗಳು ಬಂದರು, ಭಾಷಣವಾಯಿತು. ನಾಗಭೂಷಣ್ ಅವರು ಮೈಕು ಹಿಡಿದು, ಈಗ ಬರುವ ಟ್ಯೂನಿನ ಭಾವವೆಲ್ಲ ತಮ್ಮದು, ಬರೆದುಕೊಟ್ಟದ್ದು ಮಾತ್ರ ತಂಗಿ ಪುಷ್ಪಾವತಿ ಎಂದು ವಿವರಿಸಿದರು. ಪುಷ್ಪಾವತಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ಟ್ರಂಪೆಟ್ಟುಗಳು ಬಿಸಿಲು ಹತ್ತದ ಸೂರ್ಯನನ್ನು ಹುಟ್ಟಿಸಿದವು. ಡ್ರಮ್ ಮೆಲ್ಲಗಾಯಿತು. ದೀಪ ಹಚ್ಚುವ ಹೊತ್ತಿಗೆ ದೊಡ್ಡರಂಗಯ್ಯನವರ ಕ್ಲಾರಿನೆಟ್ಟು ಒಂಟಿಯಾಗಿ ಎದ್ದಿತು. ಡಿ, ಎ, ಡಿ, ಡಿ, ಎ. ಅಷ್ಟು ಇಂಪಾಗಿ ಯಾರೂ ಯಾರನ್ನೂ ದಡ್ಡ ಎಂದಿರಲಾರರು. ಮುದುಕರು ಒಂದೊಂದು ಸ್ವರವನ್ನೂ ಸವರಿ, ತೂಗಿ, ಬೇಡ ಬೇಡ ಎಂಬಲ್ಲಿ ಬೇಡಿಕೊಳ್ಳುವಂತೆ ನುಡಿಸಿದರು. ಜನ ಮಾತು ನಿಲ್ಲಿಸಿ ಕೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಬ್ಬಬ್ಬ ಬಂದಾಗ ಪುಷ್ಪಾವತಿಯ ಭುಜ ಕುಲುಕತೊಡಗಿತು.

"ಯಾಕಮ್ಮ, ಅಳ್ತಿದೀಯಾ?" ಎಂದರು ಚನ್ನಮಲ್ಲಮ್ಮ ಅವಳ ಕೈ ಹಿಡಿದು.

ಆ ಕೈಯ ಬಿಸಿಗೆ ಪುಷ್ಪಾವತಿಗೆ ಸುಳ್ಳು ಹೇಳಲಾಗಲಿಲ್ಲ. ಸೆರಗು ಮುಚ್ಚಿಕೊಂಡು, ಅವರ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದಳು. ಎರಡು ಸಲ ಒತ್ತಿದ್ದು, ದನಿ ಬಂದ್ ಮಾಡಿದ್ದು, ಯಾವ ಸ್ವರಕ್ಕೆ ಯಾವ ಮಾತು ಎಂಬುದು, ಒಂದನ್ನೂ ಬಿಡಲಿಲ್ಲ. ತಪ್ಪಾಯಿತು ಅತ್ತಿಗೆ ಎಂದು ಮುಗಿಸಿದಳು.

ಚನ್ನಮಲ್ಲಮ್ಮನವರು ಕೈ ಬಿಡಿಸಿಕೊಂಡರು. ಟ್ಯೂನು ಮುಗಿಯಿತು, ಚಪ್ಪಾಳೆ ಬಿತ್ತು. ಅವರು ಎದ್ದು ಹೋದರು. ರೇಷ್ಮೆ ಸೀರೆಯ ಸರಸರ ಸದ್ದು ವೇದಿಕೆಯ ಕಡೆ ಹೋಗುವುದು ಪುಷ್ಪಾವತಿಗೆ ಕೇಳಿತು. ಇನ್ನು ಮಧುಗಿರಿ ಬಸ್ಸು ಹಿಡಿಯುವುದೊಂದೇ ದಾರಿ ಅಂದುಕೊಂಡಳು.

ಆಗ ವೇದಿಕೆಯ ಪಕ್ಕದಿಂದ ಚನ್ನಮಲ್ಲಮ್ಮನವರ ದನಿ ಬಂತು.

"ಮಾಸ್ತರ್ರೇ, ಆ ಮಧ್ಯದ್ದು ಇನ್ನೊಂದ್ಸಲ ನುಡಿಸ್ರಿ. ಮದುವೆಯಾದಾಗಿನಿಂದ ಇಂಥಾದ್ದು ಒಂದು ಕೇಳ್ಬೇಕು ಅಂತಿದ್ದೆ."

"ದೊಡ್ಡರಂಗಯ್ಯಂಗೆ ಉಸುರಿಲ್ಲಮ್ಮ," ಎಂದರು ಜಯರಾಮು.

"ಮಜ್ಜಿಗೆ ಕುಡುದು ನುಡಿಸ್ಲಿ. ನಾವು ಕಾಯ್ತೀವಿ."

ಮಜ್ಜಿಗೆ ಬಂತು. ದೊಡ್ಡರಂಗಯ್ಯನವರು ಕುಡಿದು, ಬಾಯಿ ಒರೆಸಿ, ಮೊದಲಿಗಿಂತ ನಿಧಾನವಾಗಿ ಶುರುಮಾಡಿದರು. ಚನ್ನಮಲ್ಲಮ್ಮನವರು ವಾಪಸ್ ಬಂದು ಕೂತು ಪುಷ್ಪಾವತಿಯ ತೊಡೆಯ ಮೇಲೆ ಕೈಯಿಟ್ಟರು. ಪ್ರತಿ ದಡ್ಡನಿಗೂ ಒಂದೊಂದು ಸಲ ಮೆತ್ತಗೆ ತಟ್ಟಿದರು. ಒಂದು ಕಡೆ ಆರ್ ಅಕ್ಷರ ಬಿದ್ದು ಸ್ವರ ಮರುಕಳಿಸಿದಾಗ ಅಲ್ಲಿಯೂ ತಟ್ಟಿದರು. ಅದು ಲೆಕ್ಕಕ್ಕಿಲ್ಲ ಅತ್ತಿಗೆ ಎಂದು ಪುಷ್ಪಾವತಿ ಪಿಸುಗುಟ್ಟಿದಳು. ಇರ್ಲಿ ಬುಡು ಎಂದರು ಅವರು. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಕ್ಕದ್ದನ್ನು ನೋಡಿ ಹಿಂದಿನವರು, ಅತ್ತಿಗೆ ನಾದಿನಿಯರಿಗೆ ಎಷ್ಟು ದುಃಖವಾಯಿತು ಪಾಪ ಎಂದರು.

ಊಟದ ಪಂಕ್ತಿಯಲ್ಲಿ ನಾಗಭೂಷಣ್ ಅವರು ತಾವೇ ಹೋಳಿಗೆ ಬಡಿಸಲು ಬಂದರು. ಹೆಂಡತಿ ಎಲ್ಲರೆದುರು ಇನ್ನೊಂದು ಸಲ ಕೇಳಿದ್ದು ಅವರ ತಲೆಗೇರಿತ್ತು.

"ನೋಡ್ದೇನಮ್ಮ ಪುಷ್ಪಾ. ನಮ್ ಮನೆಯವಳು ಇಷ್ಟು ವರ್ಷದಾಗೆ ನಂದು ಏನನ್ನೂ ಚೆನ್ನಾಗೈತೆ ಅಂದಿರ್ಲಿಲ್ಲ. ಬಲಸಮುದ್ರದಾಗೆ ಇನ್ನೊಂದು ಮಹಲು ಕಟ್ಟಿಸ್ತೀನಿ. ಅದಕ್ಕೂ ನೀನೇ ಬರೀಬೇಕು."

"ಬರೀತೀನಣ್ಣ," ಎಂದಳು ಪುಷ್ಪಾವತಿ. ಬೆಳಗಿನವರೆಗೂ ಇನ್ನು ಜನ್ಮದಲ್ಲಿ ಇವರಿಗೆ ಬರೆಯುವುದಿಲ್ಲ ಎಂದುಕೊಂಡಿದ್ದವಳ ಬಾಯಿಂದ ಅದು ಹೇಗೆ ಬಂತೋ. "ಒಂದೇ ಮಾತು. ಈ ಸಲ ನೀವು ಮೆಸೇಜ್ ಕಳಿಸ್ಬಾರದು."

"ಕಳಿಸ್ಲಿ ಬುಡು ಪುಷ್ಪಾ," ಎಂದರು ಚನ್ನಮಲ್ಲಮ್ಮ, ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ. "ಅವ್ರು ಕಳಿಸ್ದಿದ್ರೆ ನಿಂಗೆ ಟ್ಯೂನು ಎಲ್ಲಿಂದ ಬರ್ಬೇಕು?"

ನಾಗಭೂಷಣ್ ಅವರು ಹೋಳಿಗೆಯ ತಟ್ಟೆಯನ್ನು ಪ್ರಸನ್ನ ಕುಮಾರನ ಕೈಗೆ ಕೊಟ್ಟು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಹೊಸ ಟ್ಯೂನು ನಿಧಾನವಾಗಿ ಬೇಗ ಹೋಗಬೇಕು ಎಂದು ವಿವರಿಸತೊಡಗಿದರು. ಪುಷ್ಪಾವತಿ ಈ ಸಲ ಪೂರ್ತಿ ಗಮನವಿಟ್ಟು ಕೇಳಿದಳು.