ಸಾರ್ಜೆಂಟನ ಬಾಯಾರಿಕೆ

ಕಾಲಡಿ ತಣ್ಣಗಾಯ್ತು, ಮತ್ತೆ ಉಚ್ಚೆ, ಹೊಸ್ತಿಲ ಹತ್ರ ಒಂದು ಮಡು, ಒಲೆ ಹತ್ರ ಇನ್ನೊಂದು, ವಾಸನೆ ಇಲ್ಲ, ಬಣ್ಣ ಇಲ್ಲ, ನಲ್ಲಿ ನೀರೇ ಚೆಲ್ಲಿದ ಹಾಗೆ — ಬಾರೋ ಸಾರ್ಜೆಂಟ್, ಬರಲ್ಲ, ಬಾಲಾನೂ ಆಡಿಸಲ್ಲ, ಗೋಣಿ ಮೇಲೆ ಮುದುರಿಕೊಂಡು ಕಣ್ಣಷ್ಟೇ ತಿರುಗಿಸ್ತಾನೆ, ಬೆಳಿಗ್ಗೆ ತಿಂದ ಅನ್ನ ಹಾಗೇ ಕಕ್ಕಿದ, ಬಾಯಿ ಹತ್ರ ಮುಖ ತಂದ್ರೆ ಕೆಟ್ಟ ನಾತ, ಇದು ಕಾಯಿಲೆ ಅಲ್ಲ, ಯಾರೋ ಏನೋ ಹಾಕಿದಾರೆ, ಯಾರೋ ಅಂತ ಯಾಕನ್ಲಿ, ಪಕ್ಕದ ಮನೆ ಪಿಳ್ಳಪ್ಪನೇ, ಮರಿ ಅವನ ಹೊಸ ಚಪ್ಪಲಿ ಕಡಿದು ಹಾಕಿದಾಗ ಏನಂದ, ನಿನ್ನ ನಾಯಿಗೊಂದು ದಾರಿ ಕಾಣಿಸ್ತೀನಿ ಕಣಮ್ಮ ಅಂಜಿನಮ್ಮ ಅಂದ, ನಗ್ತಾ ಅಂದ, ನಗ್ತಾ ಅನ್ನೋರನ್ನೇ ನಂಬಬಾರ್ದು. ನಮ್ಮ ಯಜಮಾನರಿಗೆ ಹೇಳಿದ್ರೆ, ನೀರು ಜಾಸ್ತಿ ಇಡ್ತೀಯ ಅದಕ್ಕೇ ಉಯ್ಕೊಳ್ತಾನೆ, ಬಟ್ಲು ಎತ್ತಿಟ್ಬಿಡು ಅಂತಾರೆ, ವಿಮಾನದ ಕಾರ್ಖಾನೆಗೆ ಓಡ್ತಾರೆ, ಯುದ್ಧ ಅಂತ ಶಿಫ್ಟಿನ ಮೇಲೆ ಶಿಫ್ಟು, ಈ ಮನೇಲಿ ನಾನು ಬಿಟ್ರೆ ಉಸಿರಾಡೋದು ಇದೊಂದೇ — ಬರ್ಮಾ ಕಡೆ ಹೊರಟ ಕುಕ್ ಟೌನಿನ ದೊರೆ ಮರಿಗಳನ್ನ ಹಂಚಿದಾಗ ಇವರೇ ಕೋಟೊಳಗೆ ಬಚ್ಚಿಟ್ಕೊಂಡು ತಂದಿದ್ದು, ಇದರ ಒಡಹುಟ್ಟಿದ್ದು ದೊರೆಯ ಮಾಲಿ ಮನೇಲಿ ಕರು ಥರ ಬೆಳೆದಿದೆ, ಇದು ಇನ್ನೂ ಸೆರಗಲ್ಲಿ ಹಿಡಿಸುತ್ತೆ. ಸೆರಗಲ್ಲೇ ಸುತ್ಕೊಂಡೆ, ಹಲಸೂರಿಂದ ಜಟಕಾ, ರಸೆಲ್ ಮಾರ್ಕೆಟ್ಟಿನ ಹಿಂದೆ ಖಾದರ್ ಸಾಹೇಬ್ರು, ಕುದುರೆಗೂ ನಾಯಿಗೂ ಅವರೇ ಡಾಕ್ಟ್ರು, ವಿಷ ಹಾಕಿದಾರೆ ಸಾಹೇಬ್ರೆ ಅಂದೆ, ಅವರು ತುಟಿ ಎತ್ತಿ ಒಸಡು ನೋಡಿದ್ರು, ಬೆಳ್ಳಗೆ, ಸುಣ್ಣದ ಹಾಗೆ, ಯಾವಾಗಿಂದ ಹೀಗೆ ನೀರು ಕುಡೀತಾನೆ ಅಂದ್ರು, ತಂದಾಗಿಂದ ಅಂದೆ, ಅಂದ್ಮೇಲೆ ನನ್ನ ಬಾಯಿ ನಾನೇ ಕಟ್ಕೊಂಡೆ — ತಂದಾಗಿಂದ ಅಂದ್ರೆ ಚಪ್ಪಲಿ ಕಡಿಯೋಕೂ ಮುಂಚೆ. ಅವನ ಉಚ್ಚೇನ ಗಾಜಿನ ಲೋಟಕ್ಕೆ ಹಾಕಿ, ಹಾಲಿಗೆ ನೀರು ಬೆರೆಸಿದಾರಾ ಅಂತ ನೋಡ್ತಾರಲ್ಲ, ಅಂಥ ಕಡ್ಡಿ ತೇಲಿಸಿದ್ರು, ನೋಡಮ್ಮ, ನೀರಿಗೂ ಇದಕ್ಕೂ ವ್ಯತ್ಯಾಸಾನೇ ಇಲ್ಲ, ಮೂತ್ರಪಿಂಡ ಕೆಲಸ ಮಾಡ್ತಿಲ್ಲ, ಹುಟ್ಟಿಂದ್ಲೇ ಇರ್ಬೇಕು, ಖಂಡಿತಾ ಅನ್ನಲ್ಲ, ಅನುಮಾನ. ಅನುಮಾನ ನನಗೂ ಇದೆ, ಪಿಳ್ಳಪ್ಪ ಈ ಸಾಹೇಬ್ರಿಗೆ ಗೊತ್ತಿರೋನೇ ಏನೋ, ಅದಕ್ಕೇ ಮುಚ್ಚಿಡ್ತಿದಾರೆ. ನೀರು ಮಾತ್ರ ಕಿತ್ಕೋಬೇಡಿ ಅಂದ್ರು, ಬಟ್ಲು ಒಣಗಿದ್ರೆ ಬೇಗ ಹೋಗ್ಬಿಡ್ತಾನೆ, ಮಾಂಸ ಕಮ್ಮಿ, ಉಪ್ಪು ಬೇಡ, ಮೆತ್ತನೆ ಗಂಜಿ ಸ್ವಲ್ಪ ಸ್ವಲ್ಪ, ಮುಂದಿನ ವಾರ ಮತ್ತೆ ತನ್ನಿ — ವಾಸಿ ಆಗ್ತಾನಾ, ವಾಸಿ ಅನ್ನೋದಿಲ್ಲಮ್ಮ, ಇರೋವಷ್ಟು ದಿನ ನೆಮ್ಮದಿಯಾಗಿ ಇರ್ಲಿ. ಇರೋವಷ್ಟು ದಿನ, ಜಟಕಾ ಗಾಲಿ ದಾರಿಯೆಲ್ಲ ಅದನ್ನೇ ಅಂತಾ ಬಂತು. ಜಗಲಿ ಮೇಲೆ ಮಲಗಿಸಿ ಗಂಜಿಗೆ ಅಕ್ಕಿ ಹಾಕೋಕೆ ಒಳಗೆ ಹೋದೆ, ಈಚೆ ಬಂದ್ರೆ ಪಿಳ್ಳಪ್ಪ, ಕುಕ್ಕರುಗಾಲಲ್ಲಿ ಕೂತು ಚೊಂಬಿಂದ ಬಟ್ಲಿಗೆ ಬಗ್ಗಿಸ್ತಿದಾನೆ, ಏನದು, ಏನ್ ಹಾಕ್ತಿದೀರಿ, ಖಾಲಿಯಾಗಿತ್ತು ಕಣಮ್ಮ, ನೆಕ್ಕಿ ನೆಕ್ಕಿ ಸಾಯ್ತಿತ್ತು, ನಾನು ಬಟ್ಲು ಕಿತ್ಕೊಂಡು ಚರಂಡಿಗೆ ಸುರಿದೆ, ಅವನೆದುರಿಗೇ, ಮಾತಾಡ್ಲಿ, ಬಯ್ಲಿ, ನಗ್ಲಿ — ನಗಲಿಲ್ಲ, ನಿನಗೆ ಹಾಗನ್ನಿಸ್ತಾ ಅಂತ ಮೆಲ್ಲಗೆ ಅಂದ, ಚೊಂಬಲ್ಲಿ ಉಳಿದಿದ್ದನ್ನ ಎತ್ತಿ ತಾನೇ ಕುಡಿದ, ಗಟಗಟ, ನನ್ನನ್ನೇ ನೋಡ್ತಾ, ಹನಿ ಗಡ್ಡದಿಂದ ಎದೆಗಿಳೀತು, ಆಮೇಲೆ ಖಾಲಿ ಚೊಂಬನ್ನ ನನ್ನ ಕಡೆ ಚಾಚಿದ, ತುಂಬಿಸ್ಕೊಡು ಅನ್ನೋ ಹಾಗೆ, ಒಳಗೆ ಗಂಜಿ ಉಕ್ತಿದೆ, ಹೋಗ್ಬೇಕು, ಹೋಗಕ್ಕಾಗ್ತಿಲ್ಲ, ಬಿಳೀ ಗಡ್ಡದ ತುದೀಲಿ ಒಂದು ಹನಿ, ಬೀಳ್ತಿಲ್ಲ, ಗಡ್ಡದ ತುದೀಲಿ ಒಂದು ಹನಿ